ಕ್ಲಬ್ಬಿನ ಲಾಂಚ್ ಸಾಮಾನು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಡೆಲ್ ರಾಕೆಟ್ ಹೊರಡುವಾಗ ಅದನ್ನು ನೆಟ್ಟಗೆ ನಡೆಸುವ ರಾಡ್, ರೈಲ್, ಅವನ್ನು ನಿಲ್ಲಿಸುವ ಪ್ಯಾಡ್, ದೂರದಿಂದ ಬಟನ್ ಒತ್ತುವ ಕಂಟ್ರೋಲರ್, ಬ್ಯಾಟರಿ, ಉದ್ದುದ್ದ ವೈರು. ಇವು ಯಾರೊಬ್ಬರ ಸ್ವಂತವೂ ಅಲ್ಲ, ಕ್ಲಬ್ಬಿನವು. ಇವನ್ನು ನೋಡಿಕೊಳ್ಳುವ ಕೆಲಸ ಕೆಲವು ವರ್ಷದಿಂದ ನನ್ನ ಪಾಲಿಗೆ ಬಂದಿದೆ (ಒಂದು ಮೀಟಿಂಗ್ ತಪ್ಪಿಸಿಕೊಂಡಿದ್ದೆ, ಮುಂದಿನ ಸಲ ಹೋಗುವಷ್ಟರಲ್ಲಿ ನನ್ನ ಹೆಸರು ಬರೆದಾಗಿತ್ತು). ಪ್ರತಿ ಲಾಂಚ್ ದಿನವೂ ಅವೇ ಪ್ರಶ್ನೆಗಳು ಬರುತ್ತವೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಹಾರಿಸಿ ಮುಗಿದ ಮೇಲೆ ರಾಡ್ ತೊಳೆಯಲೇಬೇಕಾ? ಮುಂದಿನ ಸಲ ಹೇಗೂ ಮಸಿ ಆಗುತ್ತಲ್ವಾ?

ತೊಳೆಯಲೇಬೇಕು. ನಮ್ಮ ಸಾಮಾನು ಹಾಳಾಗುವುದು ಹಾರಿಸುವಾಗ ಅಲ್ಲ, ಆಮೇಲೆ ಚೀಲದೊಳಗೆ ಸುಮ್ನೆ ಬಿದ್ದಿರುವಾಗ.

ಕಪ್ಪು ಮದ್ದಿನ ಮೋಟರ್‌ನಲ್ಲಿ ಇರುವುದು ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು, ಗಂಧಕ. ಅದು ಉರಿದ ಮೇಲೆ ಉಳಿಯುವ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಎಲ್ಲ ಸೇರಿರುತ್ತವೆ. ಈ ಕಾರ್ಬೊನೇಟಿಗೆ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುವ ಗುಣ ಇದೆ. ಸಂಜೆ ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತಿದ್ದ ಮಸಿ ಮರುದಿನ ಬೆಳಿಗ್ಗೆ ಜಿಗುಟಾಗಿರುತ್ತದೆ, ಕೆಟ್ಟ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಆಗಲೇ ತುಕ್ಕು ಶುರುವಾಗಿದೆ ಅಂತ ಲೆಕ್ಕ. ಕಾಂಪೊಸಿಟ್ ಮೋಟರ್ (ರಬ್ಬರಿನಂಥ ಇಂಧನ ತುಂಬಿದ್ದು) ಆದರೆ ಕಥೆ ಬೇರೆ, ಕೊನೆ ಮಾತ್ರ ಅದೇ. ಅದರಲ್ಲಿರುವ ಅಮೋನಿಯಂ ಪರ್ಕ್ಲೋರೇಟ್ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಅದಕ್ಕೆ ತೇವ ಸಿಕ್ಕಿದರೆ ಹೈಡ್ರೋಕ್ಲೋರಿಕ್ ಆಸಿಡ್. ಅಂದರೆ ನಾವು ಕಬ್ಬಿಣಕ್ಕೆ ತೆಳ್ಳಗೆ ಆಸಿಡ್ ಸವರಿ, ಚೀಲದ ಬಾಯಿ ಕಟ್ಟಿ, ಒಂದು ತಿಂಗಳು ಮೂಲೆಗೆ ಇಡುತ್ತಿದ್ದೇವೆ.

ಪುಣ್ಯಕ್ಕೆ ಇವೆಲ್ಲ ನೀರಿಗೆ ಕರಗುತ್ತವೆ. ವಿಶೇಷ ದ್ರಾವಣ ಏನೂ ಬೇಡ.

ಸರಿ, ತೊಳೆಯೋದು ಹೇಗೆ?

ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಎರಡು ಮೂರು ಸಲ ಒರೆಸಿ. ಬಟ್ಟೆ ಕಪ್ಪಾಗುವುದು ನಿಂತಿತು ಅಂದರೆ ಮುಗಿಯಿತು. ಹಠ ಹಿಡಿದ ಮಸಿಗೆ ಹಸಿರು ಸ್ಕ್ರಬ್ಬರ್ ಅಥವಾ ತೆಳು ಸ್ಟೀಲ್ ವುಲ್ ಸಾಕು. ಆಮೇಲೆ ಒಣ ಬಟ್ಟೆ. ಈ ಒಣಗಿಸುವ ಹಂತವನ್ನೇ ಜನ ಬಿಡುತ್ತಾರೆ, ನೀರಿನಲ್ಲಿ ಒರೆಸಿ ಹಾಗೇ ಚೀಲಕ್ಕೆ ತುರುಕುತ್ತಾರೆ. ಅದಕ್ಕಿಂತ ಒರೆಸದೇ ಇದ್ದಿದ್ದರೆ ವಾಸಿ ಅನ್ನಿಸುತ್ತದೆ ನನಗೆ.

ಕಡೆಗೆ ತೆಳ್ಳಗೆ ಎಣ್ಣೆ. ಡಬ್ಲ್ಯುಡಿ-40 ಆಗಬಹುದು, ಹೊಲಿಗೆ ಮಷೀನಿನ ಎಣ್ಣೆ ಆಗಬಹುದು. ಬಟ್ಟೆಗೆ ಒಂದೆರಡು ಹನಿ ಹಾಕಿ ರಾಡಿಗೆ ಸವರಿ. ರಾಡಿನಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಜಾಸ್ತಿ ಆಯಿತು.

ಲಾಂಚ್ ದಿನ ಆ ಎಣ್ಣೆ ಹಾಗೇ ಇರಬಹುದಾ? ಜಾರುವುದಕ್ಕೆ ಒಳ್ಳೆಯದಲ್ವಾ?

ಬೇಡ. ಬೆಳಿಗ್ಗೆ ಮೊದಲ ರಾಕೆಟ್ ಏರಿಸುವ ಮುಂಚೆ ಎಣ್ಣೆ ಪೂರ್ತಿ ಒರೆಸಿ. ಎಣ್ಣೆ ಇದ್ದರೆ ಧೂಳು, ಮಸಿ ಎರಡೂ ಅಂಟಿ ಅರೆಯುವ ಪೇಸ್ಟ್ ಆಗುತ್ತದೆ. ಸಣ್ಣ ರಾಕೆಟ್‌ಗಳ ಲಗ್ (ರಾಡಿಗೆ ಪೋಣಿಸಲು ರಾಕೆಟ್ಟಿನ ಮೈಗೆ ಅಂಟಿಸಿದ್ದು) ಎಷ್ಟೋ ಸಲ ಕಾಗದದ ಕೊಳವೆ, ಅದು ಎಣ್ಣೆ ಕುಡಿದು ಮೆತ್ತಗಾಗುತ್ತದೆ. ನಿಮಗೆ ಜಾರಲೇಬೇಕು ಅಂತಿದ್ದರೆ ಒಣ ರಾಡಿಗೆ ಮೇಣ ಉಜ್ಜಿ, ಬಟ್ಟೆಯಿಂದ ಹೊಳಪು ಬರುವಂತೆ ತಿಕ್ಕಿ. ಇದು ಎಣ್ಣೆಗಿಂತ ಎಷ್ಟೋ ಮೇಲು.

ಪ್ರತಿ ಹಾರಾಟದ ನಡುವೆ ಒಣ ಬಟ್ಟೆಯಿಂದ ಒಂದು ಸಲ ಎಳೆದುಬಿಡಿ. ಐದು ಸೆಕೆಂಡಿನ ಕೆಲಸ. ಮಸಿ ಕಟ್ಟಿದ ರಾಡಿನಲ್ಲಿ ಲಗ್ ಸಿಕ್ಕಿಕೊಂಡರೆ ರಾಕೆಟ್ ಪ್ಯಾಡ್ ಮೇಲೇ ಕೂತು ಪೂರ್ತಿ ಉರಿಯುತ್ತದೆ. ಒಂದು ಸಲ ನಮ್ಮಲ್ಲಿ ಹೀಗೇ ಆಯಿತು. ರಾಕೆಟ್ ಒಂದು ಗೇಣು ಮೇಲೆ ಹೋಗಿ ನಿಂತಿತು, ಬಾಲದಿಂದ ಬೆಂಕಿ ಉಗುಳುತ್ತಾ ಪ್ಲೇಟ್ ಮೇಲೆ ಕುಣಿಯಿತು, ಆಮೇಲೆ ಎಜೆಕ್ಷನ್ ಚಾರ್ಜ್ (ಪ್ಯಾರಾಚೂಟನ್ನು ಹೊರಗೆ ತಳ್ಳುವ ಮದ್ದು) ಸಿಡಿದು ಪ್ಯಾರಾಚೂಟ್ ಹೊರಗೆ ಹಾರಿ ರಾಡಿನ ತುದಿಗೇ ಜೋತುಬಿತ್ತು. ನೋಡಿದವರು ನಕ್ಕರು. ಮೂರು ವಾರ ಕೂತು ಅದನ್ನು ಕಟ್ಟಿದ ಹುಡುಗಿ ನಗಲಿಲ್ಲ.

ರಾಡ್ ಬಾಗಿದೆಯೋ ಇಲ್ಲವೋ ನೋಡುವುದು ಹೇಗೆ?

ಮಟ್ಟಸವಾದ ಮೇಜಿನ ಮೇಲೆ ಉರುಳಿಸಿ. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ, ಬಾಗಿದ್ದರೆ ಟಕ್ ಟಕ್ ಅನ್ನುತ್ತದೆ, ಕೆಳಗೆ ಬೆಳಕು ಇಣುಕುತ್ತದೆ. 3.2 ಮಿ.ಮೀ. ರಾಡ್ ಅಂದರೆ ಇಂಚಿನ ಎಂಟನೇ ಒಂದು ಭಾಗ ದಪ್ಪ, ಸುಲಭವಾಗಿ ಬಾಗುತ್ತದೆ. ಅದರಲ್ಲಿ ಸಣ್ಣ ರಾಕೆಟ್ ಮಾತ್ರ ಹಾರಿಸಬೇಕು. ತೂಕದ್ದನ್ನು ಏರಿಸಿದರೆ ಹೊರಡುವ ಕ್ಷಣದಲ್ಲಿ ರಾಡ್ ಚಾಟಿ ಥರ ಬಳುಕುತ್ತದೆ, ರಾಕೆಟ್ ಹೋಗಬೇಕಾದ ದಿಕ್ಕು ಬಿಟ್ಟು ಬೇರೆ ಕಡೆ ಹೋಗುತ್ತದೆ. ಅದಕ್ಕೆ 4.8 ಅಥವಾ 6.4 ಮಿ.ಮೀ. ರಾಡ್ ಇದೆ, ಇನ್ನೂ ದೊಡ್ಡದಕ್ಕೆ ರೈಲ್ ಇದೆ.

ಬಾಗಿದ ರಾಡನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಲು ಹೋಗಬೇಡಿ. ಒಂದು ಡೊಂಕು ಹೋಗಿ ಎರಡು ಬರುತ್ತವೆ. ಎರಡು ತುಂಡು ಸೇರಿಸುವ ರಾಡ್ ಆದರೆ ಸೇರುವ ಜಾಗಕ್ಕೆ ಉಗುರು ತಾಗಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಲಗ್ ಕೂಡ ಸಿಕ್ಕಿಕೊಳ್ಳುತ್ತದೆ. ಸಣ್ಣ ಅರದಿಂದ ಆ ಅಂಚು ತಿಕ್ಕಿ.

ರಾಡ್ ತುದಿಗೆ ಕ್ಯಾಪ್ ಯಾಕೆ ಹಾಕ್ತೀರಿ? ಪದೇ ಪದೇ ತೆಗೆಯೋದು, ಹಾಕೋದು ಕಿರಿಕಿರಿ.

ಕಣ್ಣಿಗೆ ಚುಚ್ಚಬಾರದು ಅಂತ. ಹೊಲದಲ್ಲಿ ಬಿಸಿಲಿಗೆ ಮುಖ ಮಾಡಿ ನಿಂತರೆ ರಾಡಿನ ತುದಿ ಕಾಣುವುದೇ ಇಲ್ಲ, ಬರೀ ಒಂದು ಚುಕ್ಕೆ. ನಾನೊಮ್ಮೆ ಇಗ್ನೈಟರಿಗೆ (ಮೋಟರಿಗೆ ಬೆಂಕಿ ಹೊತ್ತಿಸುವ ಸಣ್ಣ ತಂತಿ) ವೈರಿನ ಕ್ಲಿಪ್ ಹಾಕಲು ಬಗ್ಗಿದೆ, ತಲೆ ಎತ್ತುವಾಗ ಕನ್ನಡಕದ ಗಾಜಿಗೆ ಏನೋ ಕಿರ್ ಅಂತು. ಗಾಜಿನ ಮೇಲೆ ಆ ಗೀರು ಇನ್ನೂ ಇದೆ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮಗಳಲ್ಲೂ ಇದನ್ನೇ ಹೇಳಿದೆ: ರಾಡಿನ ತುದಿ ಕಣ್ಣಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ಬಳಸದಿರುವಾಗ ಕ್ಯಾಪ್ ಇರಬೇಕು. ಆ ಸಂಘ 1957ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಸುಮ್ಮಸುಮ್ಮನೆ ಬರೆದಿರಲ್ಲ.

ಕ್ಯಾಪ್ ಕಳೆದರೆ ಹಳೇ ಟೆನಿಸ್ ಚೆಂಡಿಗೆ ತೂತು ಮಾಡಿ ಸಿಗಿಸಿ. ದೂರದಿಂದ ಚೆನ್ನಾಗಿ ಕಾಣುತ್ತದೆ ಕೂಡ.

ರೈಲ್‌ಗೂ ಇದೇ ಉಪಚಾರವಾ?

ಹೆಚ್ಚುಕಡಿಮೆ. ನಮ್ಮ ರೈಲ್‌ಗಳು ಅಲ್ಯೂಮಿನಿಯಂನವು, ಒಂದು ಇಂಚಿನದು (25.4 ಮಿ.ಮೀ.) ಮತ್ತು ಒಂದೂವರೆ ಇಂಚಿನದು. ಕೆಂಪು ತುಕ್ಕು ಹಿಡಿಯಲ್ಲ ಅಂತ ಜನ ಇವುಗಳನ್ನು ಮುಟ್ಟುವುದೇ ಇಲ್ಲ. ಆದರೆ ಕಾಂಪೊಸಿಟ್ ಮೋಟರಿನ ಹೊಗೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ, ಬಿಳಿ ಬಿಳಿ ಪುಡಿ ಏಳುತ್ತದೆ. ಮಸಿ ಸೇರಿಕೊಳ್ಳುವುದು ರೈಲ್ ಬಟನ್ (ರೈಲಿಗೆ ಸಿಗಿಸಲು ರಾಕೆಟ್ಟಿಗೆ ಹಾಕಿದ ಗುಂಡಿ) ಓಡುವ ಉದ್ದ ಸಂದಿಯೊಳಗೆ, ಅದೂ ಕೆಳಗಿನ ಒಂದು ಅಡಿಯಲ್ಲಿ. ಹಳೇ ಟೂತ್‌ಬ್ರಷ್ಷು, ನೀರು ತಗೊಂಡು ಆ ಸಂದಿಯನ್ನು ಉಜ್ಜಿ. ಒಣಗಿದ ಮೇಲೆ ಒಂದು ರೈಲ್ ಬಟನ್ ತುದಿಯಿಂದ ತುದಿಗೆ ಬೆರಳಲ್ಲಿ ಎಳೆದು ನೋಡಿ. ಎಲ್ಲಿ ತಡೆಯುತ್ತದೋ ಅಲ್ಲಿ ಇನ್ನೂ ಕೊಳೆ ಇದೆ, ಅಥವಾ ಯಾರೋ ಬೀಳಿಸಿ ಅಂಚು ಜಜ್ಜಿದ್ದಾರೆ. ಜಜ್ಜಿದ ಅಂಚನ್ನು ಅರದಿಂದ ನಿಧಾನಕ್ಕೆ ಸರಿಮಾಡಬಹುದು. ಇದಕ್ಕೆ ಎಣ್ಣೆ ಹಚ್ಚಬೇಡಿ, ಒಣ ಸಿಲಿಕೋನ್ ಅಥವಾ ಟೆಫ್ಲಾನ್ ಸ್ಪ್ರೇ ಸಾಕು.

ಇನ್ನೊಂದು. ರೈಲನ್ನು ಎಬ್ಬಿಸುವ ಕೀಲಿನ ಬೋಲ್ಟುಗಳು ಹಾರಾಟದ ಅದುರಿಗೆ ಸಡಿಲ ಆಗುತ್ತಲೇ ಇರುತ್ತವೆ. ಎದ್ದು ನಿಂತ ರೈಲನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಬಿಗಿ ಮಾಡಿ.

ಬ್ಲಾಸ್ಟ್ ಪ್ಲೇಟ್ ಯಾವಾಗ ಬದಲಿಸಬೇಕು?

ತೂತು ಬೀಳುವ ಮುಂಚೆ. ಮೋಟರಿನ ಬೆಂಕಿ ತಡೆಯುವ ಈ ಪ್ಲೇಟ್ ಸ್ಟೀಲಿನದೇ ಇರಲಿ. ಯಾರೋ ಒಬ್ಬರು ಹಗುರ ಅಂತ ಅಲ್ಯೂಮಿನಿಯಂ ಹಾಳೆ ಹಾಕಿದ್ದರು, ಅದು ಕರಗುವುದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ಗೆ, ಮೋಟರಿನ ಜ್ವಾಲೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಎರಡೇ ಹಾರಾಟಕ್ಕೆ ನಡುವೆ ಕುಳಿ ಬಿತ್ತು. ಸ್ಟೀಲ್ ಪ್ಲೇಟಿನ ಮೇಲೆ ಕಟ್ಟುವ ಬಿಳಿ ಬೂದು ಪದರ ಬಹುಪಾಲು ಕಾಂಪೊಸಿಟ್ ಮೋಟರಿನಿಂದ ಬಂದ ಅಲ್ಯೂಮಿನಿಯಂ ಆಕ್ಸೈಡ್, ಇದು ನೀರಿಗೆ ಹೋಗಲ್ಲ, ವೈರ್ ಬ್ರಷ್ಷಿನಿಂದ ಕೆರೆಯಬೇಕು. ತಣ್ಣಗಾದ ಮೇಲೆ! ಹಾರಿದ ಕೂಡಲೇ ಪ್ಲೇಟ್ ನೋಡಲು ತಣ್ಣಗಿದ್ದ ಹಾಗೇ ಇರುತ್ತದೆ, ಮುಟ್ಟಿದವರಿಗೆ ಗೊತ್ತು.

ರಾಕೆಟ್ ಹೊತ್ತಿಕೊಳ್ಳುತ್ತಿಲ್ಲ. ಬ್ಯಾಟರಿ ಸತ್ತಿದೆ ಅಲ್ವಾ?

ಇದು ನನಗೆ ಅತಿ ಹೆಚ್ಚು ಬರುವ ದೂರು, ಬಹುಪಾಲು ಸಲ ಉತ್ತರ ಇಲ್ಲ ಅಂತಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕ್ಲಿಪ್ ಕೊಳೆಯಾಗಿದ್ದರೆ ಎಲ್ಲರೂ ಬ್ಯಾಟರಿ ಬದಲಿಸುತ್ತಾರೆ.

ಮೊದಲು ಕಂಟ್ರೋಲರಿನ ಕೀ ತೆಗೆಯಿರಿ. ಕೊನೇ ಸಲ ಬಟನ್ ಒತ್ತಿದ್ದರಿಂದ ಹಿಡಿದು 60 ಸೆಕೆಂಡು ಕಾಯಿರಿ. ಗಡಿಯಾರ ನೋಡಿ ಕಾಯಿರಿ, ಅಂದಾಜಿನಲ್ಲಿ ಅಲ್ಲ, ಯಾಕೆಂದರೆ ಎಲ್ಲರೂ ನೋಡುತ್ತಿರುವಾಗ ಇಪ್ಪತ್ತು ಸೆಕೆಂಡೇ ಒಂದು ನಿಮಿಷದ ಹಾಗೆ ಕಾಣುತ್ತದೆ. ಆಮೇಲೆ ಹೋಗಿ ಕ್ಲಿಪ್ಪಿನ ಹಲ್ಲು ನೋಡಿ. ಕಪ್ಪು ಇದೆಯಾ, ಹಸಿರು ಕಿಲುಬು ಹಿಡಿದಿದೆಯಾ? ಎಮರಿ ಪೇಪರಿನ ಸಣ್ಣ ತುಂಡನ್ನು ಮಡಿಸಿ ಹಲ್ಲುಗಳ ನಡುವೆ ಕಚ್ಚಿಸಿ ಎರಡು ಸಲ ಎಳೆಯಿರಿ, ಲೋಹ ಮಿನುಗುವವರೆಗೆ. ಕ್ಲಿಪ್ ಒಂದಕ್ಕೊಂದು ತಾಗುತ್ತಿದೆಯಾ, ಪ್ಲೇಟಿಗೆ ತಾಗುತ್ತಿದೆಯಾ ನೋಡಿ. ಇಗ್ನೈಟರ್ ವೈರನ್ನು ಸುಮ್ನೆ ಕಚ್ಚಿಸದೆ ಒಂದು ಸುತ್ತು ಸುತ್ತಿ ಕಚ್ಚಿಸಿ.

ಲೆಕ್ಕ ಇಷ್ಟೇ. ಕಂಟ್ರೋಲರಿನಿಂದ ಪ್ಯಾಡಿಗೆ 30 ಮೀಟರ್ ವೈರು ಅಂದರೆ ಹೋಗಿ ಬರುವುದು 60 ಮೀಟರ್. 1 ಚದರ ಮಿ.ಮೀ. ತಾಮ್ರ ಆದರೆ ಅದರ ರೆಸಿಸ್ಟೆನ್ಸ್ ಸುಮಾರು 1 ಓಮ್. ಇಗ್ನೈಟರ್ ಇನ್ನೊಂದು ಓಮ್ ಅಂತಿಟ್ಟುಕೊಳ್ಳಿ. 12 ವೋಲ್ಟಿಗೆ 6 ಆಂಪಿಯರ್ ಹರಿಯುತ್ತದೆ, ಧಾರಾಳ ಆಯಿತು. ಈಗ ಕೊಳೆ ಹಿಡಿದ ಎರಡು ಕ್ಲಿಪ್ಪು ಸೇರಿ ಇನ್ನೆರಡು ಓಮ್ ಸೇರಿಸಿದರೆ ಕರೆಂಟ್ 3 ಆಂಪಿಯರಿಗೆ ಇಳಿಯುತ್ತದೆ. ಒಂದೇ ಇಗ್ನೈಟರ್ ಆದರೆ ಹೇಗೋ ಹೊತ್ತಿಕೊಳ್ಳಬಹುದು. ಮೂರು ಮೋಟರಿನ ಕ್ಲಸ್ಟರ್ ಆದರೆ ಒಂದು ಹೊತ್ತಿ ಎರಡು ಉಳಿದು ರಾಕೆಟ್ ಮಗ್ಗುಲಿಗೆ ಹಾರುತ್ತದೆ.

ಕ್ಲಿಪ್ ಅನ್ನುವುದು ಸವೆಯುವ ಸಾಮಾನು. ಸ್ಪ್ರಿಂಗ್ ಸಡಿಲಾದರೆ ಎಸೆದು ಹೊಸದು ಸಾಲ್ಡರ್ ಮಾಡಿ. ಪೆಟ್ಟಿಗೆಯಲ್ಲಿ ಯಾವಾಗಲೂ ಹತ್ತಿಪ್ಪತ್ತು ಹೊಸ ಕ್ಲಿಪ್ ಇರುತ್ತವೆ, ಕೇಳಿಯೇ ತಗೊಳ್ಳಬೇಕು ಅಂತಿಲ್ಲ.

ಕಂಟಿನ್ಯುಟಿ ಲೈಟ್ ಸುಟ್ಟುಹೋಗಿದೆ, ಬೇರೆ ಬಲ್ಬ್ ಹಾಕಲಾ?

ದಯವಿಟ್ಟು ಕೈಗೆ ಸಿಕ್ಕಿದ ಬಲ್ಬ್ ಹಾಕಬೇಡಿ. ಇಗ್ನೈಟರಿನವರೆಗೆ ವೈರು ಸರಿಯಾಗಿ ಸೇರಿದೆಯಾ ಅಂತ ತೋರಿಸುವ ಲೈಟು ಅದು. ಆ ಲೈಟಿನ ಮೂಲಕ ಹರಿಯುವ ಕರೆಂಟೇ ಇಗ್ನೈಟರ್ ಮೂಲಕವೂ ಹರಿಯುತ್ತದೆ. ರೆಸಿಸ್ಟರ್ ಜೊತೆಗಿನ ಎಲ್‌ಇಡಿ ಆದರೆ ಹತ್ತಿಪ್ಪತ್ತು ಮಿಲಿ ಆಂಪಿಯರ್, ಏನೂ ಆಗಲ್ಲ. ತಂತಿ ಬಲ್ಬ್ ಆದರೆ ಅದರ ಹತ್ತು ಪಟ್ಟೋ ಇನ್ನೂ ಜಾಸ್ತಿಯೋ ಹರಿಯಬಹುದು. ಇ-ಮ್ಯಾಚ್ ಥರದ ಸೂಕ್ಷ್ಮ ಇಗ್ನೈಟರ್‌ಗಳಿಗೆ ಹೊತ್ತಿಕೊಳ್ಳಲು ಒಂದು ಆಂಪಿಯರ್ ಕೂಡ ಬೇಕಿಲ್ಲ. ಪರೀಕ್ಷೆ ಮಾಡುವ ಬಟನ್ ಒತ್ತಿದಾಗಲೇ ರಾಕೆಟ್ ಹೊರಟುಹೋಯಿತು ಅನ್ನುವ ಕಥೆಗಳು ಶುರುವಾಗುವುದು ಹೀಗೆ. ಲೈಟ್ ಕೆಟ್ಟಿದ್ದರೆ ಆ ಕಂಟ್ರೋಲರ್ ಪಕ್ಕಕ್ಕಿಡಿ, ನನಗೆ ಹೇಳಿ.

ಕ್ಲಿಪ್ ಹಾಕುವ ಮುಂಚೆ ನೀವು ಬಲ್ಬ್ ಹಚ್ಚಿ ನೋಡ್ತೀರಲ್ಲ, ಅದು ಯಾಕೆ? ಕೀ ನಿಮ್ಮ ಜೇಬಲ್ಲೇ ಇರುತ್ತಲ್ಲ?

ಕೀ ಜೇಬಲ್ಲಿದ್ದರೂ ಕ್ಲಿಪ್ಪಿನಲ್ಲಿ ಕರೆಂಟ್ ಇರಬಹುದು, ಅದಕ್ಕೆ. ನನಗೂ ಇದು ಗೊತ್ತಾಗಿದ್ದು ಹೆದರಿದ ಮೇಲೇ.

ನಮ್ಮ ದೊಡ್ಡ ಪ್ಯಾಡಿನಲ್ಲಿ ಬ್ಯಾಟರಿ ಪ್ಯಾಡಿನ ಪಕ್ಕದಲ್ಲೇ ಇರುತ್ತದೆ, ನಡುವೆ ಒಂದು ರಿಲೇ (ಸಣ್ಣ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್ಚು). ದೂರದ ಬಟನ್ ಆ ರಿಲೇಯನ್ನು ಮಾತ್ರ ಎಳೆಯುತ್ತದೆ, ಇಗ್ನೈಟರಿಗೆ ಬೇಕಾದ ದೊಡ್ಡ ಕರೆಂಟು ಉದ್ದ ವೈರಿನಲ್ಲಿ ಓಡಾಡಬೇಕಿಲ್ಲ. ಒಳ್ಳೇ ವ್ಯವಸ್ಥೆ. ಆದರೆ ರಿಲೇಯೊಳಗಿನ ಎರಡು ಕಾಂಟ್ಯಾಕ್ಟ್ ಜೋರು ಕರೆಂಟಿಗೆ ಒಮ್ಮೊಮ್ಮೆ ಬೆಸೆದುಕೊಂಡು ಬಿಡುತ್ತವೆ. ಆಗ ಬಟನ್ ಬಿಟ್ಟರೂ, ಕೀ ತೆಗೆದರೂ, ಕ್ಲಿಪ್ಪಿಗೆ 12 ವೋಲ್ಟ್ ಬರುತ್ತಲೇ ಇರುತ್ತದೆ. ಒಂದು ದಿನ ನಾನು ಮೊಣಕಾಲೂರಿ ಕೂತು, ಇಗ್ನೈಟರ್ ವೈರಿನ ಕಾಗದ ಬಿಡಿಸಿ, ಒಂದು ಕೈಯಲ್ಲಿ ಕ್ಲಿಪ್ ಹಿಡಿದಿದ್ದೆ. ಎರಡು ಕ್ಲಿಪ್ ಅಕಸ್ಮಾತ್ ಒಂದಕ್ಕೊಂದು ತಾಗಿದವು. ಚಟ್ ಅಂತ ನೀಲಿ ಕಿಡಿ. ಕೀ ನನ್ನ ಅಂಗಿ ಜೇಬಿನಲ್ಲೇ ಇತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಆ ಕ್ಲಿಪ್ ಇಗ್ನೈಟರಿನ ಮೇಲಿರುತ್ತಿತ್ತು, ನನ್ನ ಮುಖ ಮೋಟರ್ ಬೆಂಕಿ ಉಗುಳುವ ನಾಜಲ್ಲಿನ ಪಕ್ಕ.

ಅವತ್ತಿನಿಂದ ಪೆಟ್ಟಿಗೆಯಲ್ಲಿ ಎರಡು ವೈರು ಹಚ್ಚಿದ ಒಂದು 12 ವೋಲ್ಟ್ ಬಲ್ಬ್ ಇದೆ. ಮೊದಲು ಬಲ್ಬಿಗೆ ಕ್ಲಿಪ್ ಹಾಕಿ. ಉರಿದರೆ ಪ್ಯಾಡ್ ಬ್ಯಾಟರಿಯ ವೈರು ಕಳಚಿ, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿ. ಉರಿಯದಿದ್ದರೆ ಮಾತ್ರ ಇಗ್ನೈಟರ್. ಬಲ್ಬೇ ಸತ್ತಿರಬಹುದಲ್ವಾ? ಇರಬಹುದು. ಅದಕ್ಕೇ ಬೆಳಿಗ್ಗೆ ಒಂದು ಸಲ ಬ್ಯಾಟರಿಗೇ ನೇರ ಹಚ್ಚಿ ಅದು ಉರಿಯುತ್ತದಾ ನೋಡಿಕೊಳ್ಳುತ್ತೇವೆ.

ಕೀ ಕಳೆದುಹೋದರೆ?

ಆ ಕಂಟ್ರೋಲರ್ ಅವತ್ತಿಗೆ ಮುಗಿಯಿತು. ಸಣ್ಣ ಕಂಟ್ರೋಲರ್‌ಗಳ ಕೀ ಅಂದರೆ ಬರೀ ಬಾಗಿಸಿದ ಒಂದು ತಂತಿ, ತೂತಿಗೆ ಮೊಳೆ ತುರುಕಿದರೂ ಕೆಲಸ ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ತುರುಕಬೇಡಿ. ಒಂದೇ ಕೀ ಇದ್ದು ಅದು ಪ್ಯಾಡಿಗೆ ಹೋದವರ ಕೈಯಲ್ಲಿದೆ ಅಂದರೆ ಹಿಂದೆ ಕೂತವರು ಯಾರೂ ಒತ್ತಲು ಸಾಧ್ಯವಿಲ್ಲ. ಇನ್ನೊಂದು ಮೊಳೆ ಇದ್ದರೆ ಆ ಭರವಸೆ ಹೋಯಿತು. ಹಾಗೇ, ಲಾಂಚ್ ಬಟನ್ ಬೆರಳು ತೆಗೆದ ಕೂಡಲೇ ತಾನಾಗಿ ಆಫ್ ಆಗಬೇಕು. ಒತ್ತಿದಲ್ಲೇ ಸಿಕ್ಕಿಕೊಳ್ಳುವ ಬಟನ್ ಕಂಡರೆ ಕೆಂಪು ಟೇಪ್ ಸುತ್ತಿ ಪಕ್ಕಕ್ಕಿಡಿ.

ಬ್ಯಾಟರಿ ನೋಡಿಕೊಳ್ಳುವುದು ಹೇಗೆ?

ನಮ್ಮವು ಸೀಲ್ ಆಗಿರುವ 12 ವೋಲ್ಟ್ ಲೆಡ್ ಆಸಿಡ್. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಮಲ್ಟಿಮೀಟರ್ 12.7 ವೋಲ್ಟಿನ ಆಸುಪಾಸು ತೋರಿಸಬೇಕು. 12.4ಕ್ಕಿಂತ ಕಡಿಮೆ ಆದರೆ ಚಾರ್ಜ್ ಮಾಡಿ, 12 ಅಂದರೆ ಹೆಚ್ಚುಕಡಿಮೆ ಖಾಲಿ. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಇಟ್ಟಷ್ಟು ದಿನವೂ ಅದರ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ತುಂಬಲ್ಲ. ಹಾಗಾಗಿ ಲಾಂಚ್ ಮುಗಿದ ರಾತ್ರಿಯೇ ಚಾರ್ಜಿಗೆ ಹಾಕಿ, ಬಳಸದಿದ್ದರೂ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಿ.

ವೋಲ್ಟ್ ಚೆನ್ನಾಗಿ ತೋರಿಸಿ ಹೊರೆ ಬಿದ್ದ ಕೂಡಲೇ ಕುಸಿಯುವ ಮುದಿ ಬ್ಯಾಟರಿಗಳೂ ಇವೆ. ಕಾರಿನ ಹೆಡ್‌ಲೈಟ್ ಬಲ್ಬನ್ನು ಹತ್ತು ಸೆಕೆಂಡ್ ಹಚ್ಚಿ ಮೀಟರ್ ನೋಡಿ. 11ಕ್ಕಿಂತ ಕೆಳಗೆ ಹೋದರೆ ಅದಕ್ಕೆ ನಿವೃತ್ತಿ ಕೊಡಿ. ಸಾಗಿಸುವಾಗ ಟರ್ಮಿನಲ್ ಮೇಲೆ ಮುಚ್ಚಳ ಇರಲೇಬೇಕು. ಅದರ ಪಕ್ಕ ಕಬ್ಬಿಣದ ರಾಡ್‌ಗಳು ಇರುವುದು ನೆನಪಿರಲಿ.

ಕೆಲವರು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತರುತ್ತಾರೆ. ಹಗುರ, ಜೋರು, ನಿಜ. ಆದರೆ ಅದನ್ನು ಸೆಲ್ಲಿಗೆ ಸುಮಾರು 3.8 ವೋಲ್ಟಿನಲ್ಲಿಡಬೇಕು, ಉಬ್ಬಿದ್ದನ್ನು ಮುಟ್ಟಬಾರದು, ಚಾರ್ಜ್ ಆಗುವಾಗ ಪಕ್ಕದಲ್ಲೇ ಕೂರಬೇಕು. ಹತ್ತು ಜನ ಬಳಸುವ ಪೆಟ್ಟಿಗೆಗೆ ಇಷ್ಟು ನಾಜೂಕಿನದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ವೈರು ಪ್ರತಿ ಸಲ ಗಂಟಾಗುತ್ತದೆ.

ಮೊಣಕೈಗೆ ಸುತ್ತುತ್ತೀರಿ, ಅದಕ್ಕೆ. ಹಾಗೆ ಸುತ್ತಿದಾಗ ಪ್ರತಿ ಸುತ್ತಿಗೂ ಒಂದು ತಿರುಚು ಬೀಳುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಎಂಟರ ಆಕಾರದಲ್ಲಿ ಸುತ್ತಿ, ಅಥವಾ ರೀಲಿಗೆ ಸುತ್ತಿ. ಸುತ್ತುವಾಗ ವೈರನ್ನು ಒಣ ಬಟ್ಟೆಯೊಳಗಿಂದ ಎಳೆದರೆ ಮಣ್ಣೂ ಹೋಗುತ್ತದೆ, ಎಲ್ಲಾದರೂ ಸಿಪ್ಪೆ ಕಿತ್ತಿದ್ದರೆ ಕೈಗೇ ತಿಳಿಯುತ್ತದೆ.

ಮಳೆಗೆ ನೆನೆದ ಕಂಟ್ರೋಲರ್?

ಆನ್ ಮಾಡಬೇಡಿ. ಬ್ಯಾಟರಿ ತೆಗೆದು, ಮುಚ್ಚಳ ಬಿಚ್ಚಿ, ಎರಡು ದಿನ ಗಾಳಿಗಿಡಿ. ಗುಡುಗು ಕೇಳಿದರೆ ಸಾಮಾನು ನೆನೆದರೂ ಪರವಾಗಿಲ್ಲ, ಮೊದಲು ನೀವು ಆ ಕಬ್ಬಿಣದ ರಾಡ್‌ಗಳಿಂದ ದೂರ ಬನ್ನಿ.

ಬೆಂಕಿ ಆರಿಸುವ ಸಾಮಾನೂ ನಮ್ಮ ಲೆಕ್ಕದಲ್ಲೇ ಬರುತ್ತಾ?

ಬರುತ್ತದೆ, ಎಲ್ಲರೂ ಮರೆಯುವುದೂ ಅದನ್ನೇ. ಎಕ್ಸ್‌ಟಿಂಗ್ವಿಷರ್ ಮುಳ್ಳು ಹಸಿರು ಪಟ್ಟಿಯಲ್ಲಿದೆಯಾ? ನೀರಿನ ಕ್ಯಾನ್ ತುಂಬಿದೆಯಾ? ಗೋಣಿಚೀಲ ಒದ್ದೆ ಇದೆಯಾ? ಒಣ ಗೋಣಿ ಸೌದೆಗೆ ಸಮ. ಪ್ಯಾಡಿನ ಸುತ್ತಲಿನ ಒಣ ಹುಲ್ಲು ತೆಗೆಯಲು ಸಲಿಕೆ ಬೇಕು, ಅದರ ಹಿಡಿ ಸಡಿಲ ಇರಬಾರದು. ಇವೆಲ್ಲ ಗಾಡಿಯಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕು, ಟಾರ್ಪಾಲಿನ ಅಡಿ ಅಲ್ಲ.

ಮೋಟರ್, ಇಗ್ನೈಟರ್ ಕೂಡ ಇದೇ ಪೆಟ್ಟಿಗೆಯಲ್ಲಿ ಇಡಬಹುದಾ?

ಖಂಡಿತ ಬೇಡ. ಬ್ಯಾಟರಿ, ವೈರು, ಕಬ್ಬಿಣ ಎಲ್ಲ ಒಟ್ಟಿಗಿರುವ ಪೆಟ್ಟಿಗೆ ಅದು. ನಿಮ್ಮ ಮೋಟರು ನಿಮ್ಮ ಬಳಿಯೇ ಇರಲಿ.

ರಾಡ್ ಇಡಲು ಪಿವಿಸಿ ಪೈಪ್ ಒಳ್ಳೆಯದಲ್ವಾ? ಆದರೂ ತುಕ್ಕು ಹಿಡಿಯಿತಲ್ಲ.

ಎರಡೂ ಕಡೆ ಮುಚ್ಚಳ ಬಿಗಿದಿದ್ದೆವು. ಒಳಗೆ ಸೇರಿದ ಒಂಚೂರು ತೇವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಈಗ ಒಂದು ತುದಿಯ ಮುಚ್ಚಳಕ್ಕೆ ನಾಲ್ಕು ತೂತು ಕೊರೆದಿದ್ದೇನೆ, ಪೈಪನ್ನು ನಿಲ್ಲಿಸಿಡುತ್ತೇನೆ. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿದರೆ ಇನ್ನೂ ವಾಸಿ.

ನನ್ನ ಕೈಯಲ್ಲಿ ಏನಾದರೂ ಮುರಿದರೆ ದುಡ್ಡು ಕಟ್ಟಬೇಕಾ?

ಬಳಸಿ ಸವೆದದ್ದಕ್ಕೆ ಇಲ್ಲ. ಬೀಳಿಸಿದ್ದಕ್ಕೂ ಇಲ್ಲ. ಮುರಿದದ್ದನ್ನು ಹೇಳದೆ ಪೆಟ್ಟಿಗೆಯಲ್ಲಿಟ್ಟು ಹೋದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಅದು ಸಿಗುವುದು ಮುಂದಿನವರಿಗೆ, ಅದೂ ಕೌಂಟ್‌ಡೌನ್ ನಡೆಯುತ್ತಿರುವಾಗ. ಮುಚ್ಚಳದ ಒಳಗೆ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್ ಇದೆ. ದಿನಾಂಕ, ಯಾವ ಸಾಮಾನು, ಏನಾಯಿತು, ಇಷ್ಟು ಬರೆದು ಕೆಂಪು ಟೇಪ್ ಅಂಟಿಸಿ. ಹೆಸರು ಹಾಕದಿದ್ದರೂ ನಡೆಯುತ್ತದೆ. "3ನೇ ಪ್ಯಾಡ್, ಎಡ ಕ್ಲಿಪ್, ಆಗಾಗ ಬಿಡುತ್ತೆ" ಅಂತ ಯಾರೋ ಬರೆದ ಒಂದು ಸಾಲು ನನಗೆ ಅರ್ಧ ದಿನ ಉಳಿಸಿತು.

ಮನೆಗೆ ತಗೊಂಡು ಹೋಗಿ ಬಳಸಬಹುದಾ?

ಬಳಸಿ, ಬರೆದಿಟ್ಟು ಹೋಗಿ, ಒರೆಸಿ ತನ್ನಿ. ರಾಕೆಟ್ಟಿನಿಂದ ದೂರ ನಿಲ್ಲುವ ನಿಯಮ ಅಲ್ಲೂ ಅದೇ: ಡಿ (ಮೋಟರಿನ ಶಕ್ತಿಯ ವರ್ಗ ಹೇಳುವ ಅಕ್ಷರ) ಅಥವಾ ಅದಕ್ಕಿಂತ ಸಣ್ಣ ಮೋಟರಿಗೆ ಕನಿಷ್ಠ 15 ಅಡಿ, ದೊಡ್ಡದಕ್ಕೆ 30 ಅಡಿ. ವೈರು ಕತ್ತರಿಸಿ ಗಿಡ್ಡ ಮಾಡಿಕೊಂಡವರೊಬ್ಬರಿದ್ದಾರೆ, ಅವರಿಗಾಗಿ ಈ ಮಾತು.

ನನಗೆ ಈ ವೋಲ್ಟ್, ರಿಲೇ ಎಲ್ಲ ತಲೆಗೆ ಹೋಗಲ್ಲ. ನಾನೇನು ಮಾಡಬಹುದು?

ಸಂಜೆ ಸಾಮಾನು ಕಟ್ಟುವಾಗ ಹತ್ತು ನಿಮಿಷ ನಿಲ್ಲಿ. ಅಷ್ಟು ಹೊತ್ತಿಗೆ ಎಲ್ಲರಿಗೂ ಮನೆಯ ನೆನಪಾಗಿರುತ್ತದೆ, ಪೆಟ್ಟಿಗೆಯ ಪಕ್ಕ ನಾನೂ ಇನ್ನೊಬ್ಬರೂ ಉಳಿದಿರುತ್ತೇವೆ. ಒಬ್ಬರು ಒದ್ದೆ ಬಟ್ಟೆಯಿಂದ ಒರೆಸಿದರೆ ಇನ್ನೊಬ್ಬರು ಒಣ ಬಟ್ಟೆಯಿಂದ ಒರೆಸಿ ಎಣ್ಣೆ ಸವರಬಹುದು. ಒದ್ದೆ ಬಟ್ಟೆ ನೀಲಿ ಬಕೆಟ್ಟಿನಲ್ಲಿದೆ, ಒಣ ಬಟ್ಟೆ ಪೆಟ್ಟಿಗೆಯ ಮೇಲಿನ ಖಾನೆಯಲ್ಲಿ, ಎಣ್ಣೆ ಡಬ್ಬಿಯ ಪಕ್ಕ. ಉಪಯೋಗಿಸಿದ ಮೇಲೆ ಎರಡನ್ನೂ ಒಂದೇ ಕಡೆ ಹಾಕಬೇಡಿ.